ಮೊದಲು ಇಳಿತ, ಆಮೇಲೆ ಏರು: ಮನೆಮಂದಿಯ ಜೊತೆ ಮುತ್ಯಾಲ ಮಡುವಿಗೆ ಒಂದು ದಿನ

ನಂದಿಬೆಟ್ಟವನ್ನೋ ಸಾವನದುರ್ಗವನ್ನೋ ಹತ್ತುವಾಗ ಕಷ್ಟದ ಭಾಗ ಮೊದಲು ಬರುತ್ತದೆ. ಅರ್ಧದಾರಿಯಲ್ಲಿ ಮಗು ಹಟ ಹಿಡಿದರೂ, ಅಜ್ಜಿಗೆ ಏದುಸಿರು ಬಂದರೂ ಅಲ್ಲಿಂದಲೇ ಹಿಂದಿರುಗಿದರಾಯಿತು. ಜಲಪಾತದ ಚಾರಣ ಇದಕ್ಕೆ ಪೂರ್ತಿ ತಿರುಗುಮುರುಗು. ಮೈಯಲ್ಲಿ ಹುರುಪಿದ್ದಾಗ ಇಳಿಯುತ್ತೇವೆ. ಆಟವಾಡಿ, ನೆನೆದು, ಹೊಟ್ಟೆ ತುಂಬ ಉಂಡು, ನಿದ್ದೆ ಎಳೆಯುವ ಹೊತ್ತಿಗೆ ಹತ್ತಬೇಕಾಗುತ್ತದೆ. ಆನೇಕಲ್ ಬಳಿಯ ಮುತ್ಯಾಲ ಮಡುವಿಗೆ ಹೊರಡುವ ಮನೆಯವರು ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಹೊರಡುವ ಹೊತ್ತು, ಬುತ್ತಿ, ಚಪ್ಪಲಿ, ನೀರಿನಲ್ಲಿ ಇರುವ ಸಮಯ ಎಲ್ಲವೂ ತಾನಾಗಿ ಸರಿಹೋಗುತ್ತವೆ.

ಮೊದಲು ಯಾವಾಗ ಹೋಗಬೇಕು ಎನ್ನುವುದು. ಜೂನ್ ಬಂದ ಕೂಡಲೇ ಟಿವಿಯಲ್ಲಿ ಜೋಗ ತುಂಬಿದ್ದನ್ನು ನೋಡಿ ಬೆಂಗಳೂರಿನವರೂ ಸುತ್ತಮುತ್ತಲ ಜಲಪಾತಗಳಿಗೆ ಹೊರಟುಬಿಡುತ್ತಾರೆ. ಅಲ್ಲಿ ಹೋಗಿ ನೋಡಿದರೆ ಬಂಡೆಯ ಮೇಲೆ ನೂಲಿನಂತೆ ನೀರು. ಮಲೆನಾಡಿನ ಮಳೆಯ ಪಂಚಾಂಗ ನಮ್ಮ ಕಡೆಗೆ ಹೊಂದುವುದಿಲ್ಲ. ಬೆಂಗಳೂರಿಗೆ ಜೂನ್, ಜುಲೈ ತಿಂಗಳುಗಳಲ್ಲಿ ಬೀಳುವ ವಾಡಿಕೆ ಮಳೆ ತಲಾ 110 ಮಿ.ಮೀ. ಆಸುಪಾಸು, ಸೆಪ್ಟೆಂಬರಿನಲ್ಲಿ ಅದು 200 ಮಿ.ಮೀ. ದಾಟುತ್ತದೆ, ಅಕ್ಟೋಬರಿನಲ್ಲೂ ಚೆನ್ನಾಗಿ ಸುರಿಯುತ್ತದೆ. ಮುತ್ಯಾಲ ಮಡುವಿನದು ಮಳೆಯನ್ನೇ ನಂಬಿದ ಸಣ್ಣ ಹಳ್ಳ. ನೆಲ ನೆನೆದು, ಮೇಲಿನ ಕೆರೆಕಟ್ಟೆಗಳಿಗೆ ನೀರು ಬಂದ ಮೇಲೆಯೇ ಅದಕ್ಕೆ ಜೀವ. ಆದ್ದರಿಂದ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಕೊನೆಯವರೆಗೆ ಒಳ್ಳೆಯ ಕಾಲ. ಜೋರು ಮಳೆ ಬಂದ ಮಾರನೆಯ ದಿನ ಬೇಡ, ಎರಡು ಮೂರು ದಿನ ಬಿಟ್ಟು ಹೋಗಿ. ಆಗ ನೀರೂ ಇರುತ್ತದೆ, ಕೆಂಪು ಬಣ್ಣ ಇಳಿದಿರುತ್ತದೆ, ಮೆಟ್ಟಿಲ ಮೇಲಿನ ಕೆಸರೂ ಒಣಗಿರುತ್ತದೆ. ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ ನೋಡಿಕೊಂಡು ಬರಬೇಕು.

ಕನಕಪುರದ ಕಡೆಯ ಚುಂಚಿ ಜಲಪಾತ ಇದಕ್ಕಿಂತ ದೊಡ್ಡದು, ನೋಡಲು ಭವ್ಯ. ಆದರೂ ಚಿಕ್ಕ ಮಕ್ಕಳಿದ್ದರೆ ಅದನ್ನು ಆರಿಸಿಕೊಳ್ಳಬಾರದು. ಅಲ್ಲಿ ಬೀಳುವುದು ಅರ್ಕಾವತಿ. ನಗರದ ಕೊಳಚೆ ಹೊತ್ತ ವೃಷಭಾವತಿ ಅದಕ್ಕೂ ಮೇಲೆಯೇ ಅರ್ಕಾವತಿಗೆ ಸೇರಿರುತ್ತದೆ. ಮಕ್ಕಳು ನೀರು ಕಂಡರೆ ಬಾಯಿಗೂ ಹಾಕಿಕೊಳ್ಳುತ್ತಾರೆ, ಕಣ್ಣಿಗೂ ಎರಚಿಕೊಳ್ಳುತ್ತಾರೆ. ಇನ್ನೊಂದು, ಮೇಲೆ ಹಾರೋಬೆಲೆ ಅಣೆಕಟ್ಟು ಇದೆ. ಅಲ್ಲಿ ನೀರು ಬಿಟ್ಟರೆ ಇಲ್ಲಿ ಮಳೆಯೇ ಇಲ್ಲದೆ ಹೊಳೆ ಏರುತ್ತದೆ. ಚುಂಚಿಯನ್ನು ದೂರದಿಂದ ನೋಡಿ ಬರಬೇಕು, ಅಷ್ಟೇ.

ಮುತ್ಯಾಲ ಮಡುವು ಬೆಂಗಳೂರಿನಿಂದ 40 ಕಿ.ಮೀ.ಗೆ ತುಸು ಹೆಚ್ಚು, ಆನೇಕಲ್ಲಿನಿಂದ ಸುಮಾರು 5 ಕಿ.ಮೀ. ಸ್ವಂತ ಗಾಡಿಯಿದ್ದರೆ ಬೆಳಗ್ಗೆ ಆರಕ್ಕೆ ಮನೆ ಬಿಡುವುದು ಒಳ್ಳೆಯದು. ಹೊಸೂರು ರಸ್ತೆಯಲ್ಲಿ ಎಂಟರ ನಂತರ ಸಿಕ್ಕಿಕೊಂಡರೆ ಅರ್ಧ ಬೆಳಗು ಕಾರಿನಲ್ಲೇ ಕಳೆಯುತ್ತದೆ. ಬಸ್ಸಿನಲ್ಲಿ ಹೋಗುವವರಿಗೆ ಆನೇಕಲ್ಲಿನವರೆಗೆ ಬಿಎಂಟಿಸಿ ಇದೆ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗದ ಮೆಟ್ರೋದಲ್ಲಿ ಬೊಮ್ಮಸಂದ್ರದ ತನಕ ಹೋಗಿ, ಚಂದಾಪುರದ ಮೂಲಕ ಆನೇಕಲ್ ಬಸ್ಸು ಹಿಡಿಯಲೂಬಹುದು. ಆನೇಕಲ್ಲಿನಿಂದ ಮುಂದಕ್ಕೆ ಆಟೋ ಮಾಡುವುದಾದರೆ ವಾಪಸ್ ಬರುವುದಕ್ಕೂ ಆಗಲೇ ಮಾತಾಡಿಕೊಳ್ಳಿ, ಅಲ್ಲಿ ನಿಂತು ಕೈ ಅಡ್ಡ ಹಾಕಿದರೆ ಸಿಗುವ ಜಾಗವಲ್ಲ. ತಿಂಡಿಯನ್ನೂ ಶೌಚವನ್ನೂ ಆನೇಕಲ್ಲಿನಲ್ಲೇ ಮುಗಿಸಬೇಕು. ಕಣಿವೆಗೆ ಇಳಿದ ಮೇಲೆ ಎರಡಕ್ಕೂ ಅನುಕೂಲವಿಲ್ಲ.

ಬ್ಯಾಗಿನ ವಿಚಾರಕ್ಕೆ ಬಂದರೆ, ಒಯ್ದದ್ದನ್ನೆಲ್ಲ ಹೊತ್ತುಕೊಂಡೇ ಮೇಲೆ ಬರಬೇಕು ಎಂಬ ಲೆಕ್ಕದಲ್ಲಿ ತುಂಬಿಕೊಳ್ಳಿ. ದೊಡ್ಡವರಿಗೆ ತಲೆಗೆ ಒಂದು ಲೀಟರ್ ಕುಡಿಯುವ ನೀರು, ಮಕ್ಕಳಿಗೆ ಮುಕ್ಕಾಲು ಲೀಟರ್. ಅದರಲ್ಲಿ ಅರ್ಧವನ್ನು ಹತ್ತುವ ಹೊತ್ತಿಗೆಂದು ಬೇರೆ ಬಾಟಲಿಯಲ್ಲಿ ತೆಗೆದಿಡಬೇಕು. ಕೆಳಗೆ ಕೂತಾಗ ಎಲ್ಲ ಖಾಲಿ ಮಾಡಿ ಹತ್ತುವಾಗ ಬಾಯಿ ಒಣಗಿಸಿಕೊಳ್ಳುವುದು ಬಹಳ ಮನೆಯವರು ಮಾಡುವ ಎಡವಟ್ಟು. ಒಂದು ಓಆರ್‌ಎಸ್ ಪೊಟ್ಟಣವೂ ಇರಲಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆಂದೇ ಅಳೆದದ್ದು, ಅರ್ಧ ಲೀಟರಿಗೆ ಅಷ್ಟನ್ನೂ ಸುರಿದರೆ ಉಪ್ಪು ಹೆಚ್ಚಾಗಿ ಕೆಡುಕೇ ಆಗುತ್ತದೆ. ಪೊಟ್ಟಣ ಇಲ್ಲವಾದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು.

ಬುತ್ತಿಗೆ ಪುಳಿಯೋಗರೆ ಮತ್ತು ಮೊಸರನ್ನ. ಹಸಿ ತೆಂಗಿನಕಾಯಿ ಬಿದ್ದ ಚಿತ್ರಾನ್ನ ಬಿಸಿಲಿಗೆ ಬೇಗ ಹಳಸುತ್ತದೆ, ಹುಣಿಸೆಯೂ ಎಣ್ಣೆಯೂ ಇರುವ ಪುಳಿಯೋಗರೆ ತಡೆಯುತ್ತದೆ. ಮೊಸರನ್ನಕ್ಕೆ ಮನೆಯಲ್ಲೇ ಪೂರ್ತಿ ಮೊಸರು ಕಲಸಿದರೆ ಮಧ್ಯಾಹ್ನಕ್ಕೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಅನ್ನವನ್ನು ಮೆತ್ತಗೆ ಹಿಸುಕಿ, ಕಾಯಿಸಿ ಆರಿಸಿದ ಹಾಲನ್ನೇ ಧಾರಾಳವಾಗಿ ಹಾಕಿ, ಹೆಪ್ಪಿಗೆಂಬಂತೆ ಎರಡು ಚಮಚ ಮೊಸರು ಬೆರೆಸಿ ಡಬ್ಬಿ ಮುಚ್ಚಿದರೆ ಊಟದ ಹೊತ್ತಿಗೆ ಹದವಾಗಿ ಕೂಡಿರುತ್ತದೆ. ಎಲ್ಲವೂ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಬ್ಯಾಗಿನ ಒಳಗೆ. ಇದು ಬರೀ ಪರಿಸರದ ಮಾತಲ್ಲ. ಪ್ಲಾಸ್ಟಿಕ್ ಕವರಿನ ಸರಸರ ಸದ್ದು ಕೇಳಿದರೆ ಅಲ್ಲಿನ ಕೋತಿಗಳಿಗೆ ತಿಂಡಿ ಬಂತೆಂದು ಗೊತ್ತು. ಕವರ್ ಹಿಡಿದ ಕೈ ಮಗುವಿನದಾದರೆ ಕಿತ್ತುಕೊಳ್ಳುವುದು ಇನ್ನೂ ಸುಲಭ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಹಲ್ಲು ಕಾಣುವಂತೆ ನಗುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಕೋತಿಯ ಪಾಲಿಗೆ ಜಗಳಕ್ಕೆ ಕರೆದಂತೆ. ಪರಚಿತು, ಕಚ್ಚಿತು ಎಂದರೆ ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಹುಚ್ಚುನಾಯಿ ರೋಗದ ಲಸಿಕೆಯ ವಿಚಾರವನ್ನು ವೈದ್ಯರೇ ತೀರ್ಮಾನಿಸಲಿ.

ಕಾಲಿಗೆ ಹಿಂದೆ ಪಟ್ಟಿಯಿರುವ, ಅಡಿಯಲ್ಲಿ ಆಳದ ಗೀರುಗಳಿರುವ ರಬ್ಬರ್ ಸ್ಯಾಂಡಲ್ ಅಥವಾ ಹಳೆಯ ಕ್ಯಾನ್ವಾಸ್ ಶೂ. ಹವಾಯಿ ಚಪ್ಪಲಿ ಒದ್ದೆಯಾದರೆ ಪಾದವೇ ಚಪ್ಪಲಿಯ ಮೇಲೆ ಜಾರುತ್ತದೆ. ಮಕ್ಕಳ ಮೆತ್ತನೆಯ ಫೋಮ್ ಚಪ್ಪಲಿಯೂ ಅಷ್ಟೇ, ಅಡಿ ಸವೆದಿದ್ದರಂತೂ ಮುಗಿಯಿತು. ಹೊಚ್ಚಹೊಸ ಶೂ ಹಾಕಿಕೊಂಡು ಬಂದವರಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಖಚಿತ. ಒಂದು ಜೊತೆ ಒಣ ಕಾಲುಚೀಲ, ಒಂದು ಕ್ರೇಪ್ ಬ್ಯಾಂಡೇಜ್, ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ, ಒಂದು ಟವೆಲ್. ಇಷ್ಟಕ್ಕಿಂತ ಹೆಚ್ಚು ಬೇಡ.

ಮೇಲಿನಿಂದ ಕಣಿವೆಯೊಳಕ್ಕೆ ಮೆಟ್ಟಿಲುಗಳಿವೆ. ಇಳಿಯುವುದು ಸಲೀಸು ಎಂದುಕೊಂಡು ಮಕ್ಕಳು ಓಡುತ್ತಾರೆ, ತಡೆಯಬೇಕು. ಹತ್ತುವಾಗ ಉಸಿರಿಗೆ ಕಷ್ಟ, ಇಳಿಯುವಾಗ ಮಂಡಿಗೆ ಕಷ್ಟ. ಪ್ರತಿ ಹೆಜ್ಜೆಯಲ್ಲೂ ಮೈಭಾರವೆಲ್ಲ ಬಗ್ಗಿದ ಮಂಡಿಯ ಮೇಲೆ ಬೀಳುವುದರಿಂದ ಮಂಡಿನೋವಿನ ಅಜ್ಜಿ, ತಾತ ಕೆಳಗೆ ತಲುಪುವಷ್ಟರಲ್ಲೇ ಸೋತಿರುತ್ತಾರೆ. ಮೊಣಕೈ ಮಟ್ಟದ ಒಂದು ಕೋಲು ಕೊಟ್ಟು, ಓರೆಯಾಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ತಂದು ಇಳಿಯಲು ಹೇಳಿ. ನೋವು ಮೊದಲೇ ಇದ್ದರೆ ಅವರು ಮೇಲೆಯೇ ನೆರಳಿನಲ್ಲಿ ಕೂತು ಕಣಿವೆ ನೋಡಲಿ, ಜೊತೆಗೆ ಮನೆಯವರೊಬ್ಬರು ಇರಲಿ. ಕೈಗೂಸನ್ನು ಎದೆಗೆ ಕಟ್ಟಿಕೊಂಡರೆ ಇಳಿಯುವವರಿಗೆ ತಮ್ಮ ಪಾದವೇ ಕಾಣುವುದಿಲ್ಲ, ಬೆನ್ನಿಗೆ ಕಟ್ಟಿಕೊಳ್ಳಬೇಕು. ಇಳಿಯಲು ಹಿಡಿದ ಹೊತ್ತನ್ನು ಗಡಿಯಾರ ನೋಡಿ ಗುರುತಿಟ್ಟುಕೊಳ್ಳಿ, ಹತ್ತಲು ಅದರ ಎರಡರಷ್ಟು ಬೇಕು.

ಮೆಟ್ಟಿಲು ಮುಗಿದ ಮೇಲೆ ಹಳ್ಳದ ಬಂಡೆಗಳ ನಡುವೆ ನಡೆಯುವ ದಾರಿ. ಜಾರುವ ಕಲ್ಲನ್ನು ಕಣ್ಣಿನಲ್ಲೇ ಪತ್ತೆ ಮಾಡಬಹುದು. ಒಣಗಿ ಬೆಳ್ಳಗೆ, ತರಿತರಿಯಾಗಿ ಕಾಣುವ ಕಲ್ಲು ಹಿಡಿತ ಕೊಡುತ್ತದೆ. ಕಪ್ಪಗೆ, ಹಸಿರಾಗಿ ಹೊಳೆಯುವ, ತೆಳ್ಳಗೆ ನೀರು ಸದಾ ಸವರಿಕೊಂಡು ಹೋಗುವ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಅಲ್ಲಿ ಯಾವ ಶೂವೂ ನಿಲ್ಲುವುದಿಲ್ಲ. ಅಂಥ ಕಲ್ಲಿನ ಮೇಲೆ ಹೋಗುವುದಕ್ಕಿಂತ ಪಕ್ಕದ ಮೊಣಕಾಲೆತ್ತರಕ್ಕೂ ಕಡಿಮೆಯಿರುವ ನೀರಿನಲ್ಲಿ ಮರಳಿನ ಮೇಲೆ ಕಾಲಿಟ್ಟು ನಡೆಯುವುದೇ ವಾಸಿ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹಾರುವುದು ಬೇಡ, ಬಹುತೇಕ ಕಾಲು ಉಳುಕುವುದು ಹಾರಿದಾಗಲೇ. ಉಳುಕಿದರೆ ಶೂ ಬಿಚ್ಚಬಾರದು. ಊತ ಏರಿಬಿಟ್ಟರೆ ಮತ್ತೆ ತೊಡಲು ಆಗುವುದಿಲ್ಲ, ಹತ್ತುವುದು ಇನ್ನೂ ಬಾಕಿ ಇರುತ್ತದೆ. ಶೂ ಮೇಲೆಯೇ ಕ್ರೇಪ್ ಬ್ಯಾಂಡೇಜ್ ಸುತ್ತಿ ಇಬ್ಬರ ಹೆಗಲು ಕೊಟ್ಟು ಕರೆದುಕೊಂಡು ಬನ್ನಿ.

ನೀರಿನ ಹತ್ತಿರ ಕೆಲವು ವಿಷಯಗಳಲ್ಲಿ ರಾಜಿ ಇಲ್ಲ. ಮಗುವಿನ ಮಂಡಿ ಮುಚ್ಚುವಷ್ಟು ನೀರೇ ಕೊನೆಯ ಮಿತಿ, ಎಷ್ಟು ಗೋಗರೆದರೂ ಅಷ್ಟೇ. ಹಳ್ಳ ದಾಟುವಾಗ ದೊಡ್ಡವರು ಮಗುವಿನ ಕೆಳಮಗ್ಗುಲಿಗೆ, ಅಂದರೆ ನೀರು ಹರಿದು ಹೋಗುವ ಕಡೆಗೆ ನಿಲ್ಲಬೇಕು. ಕಾಲು ತಪ್ಪಿದ ಮಗು ಆಗ ನೇರ ಅವರ ಕಾಲಿಗೇ ಬಂದು ತಾಗುತ್ತದೆ. ಧಾರೆಯ ಕೆಳಗೆ ತಲೆ ಒಡ್ಡಿ ನಿಲ್ಲುವ ಆಸೆ ಎಲ್ಲರಿಗೂ ಇರುತ್ತದೆ. ನೀರಿನ ಜೊತೆ ಮೇಲಿನಿಂದ ಕಲ್ಲು, ಕೊಂಬೆಯ ಚೂರು ಕೂಡ ಬರುತ್ತವೆ, ಮಳೆಗಾಲದಲ್ಲಿ ಹೆಚ್ಚು. ಧಾರೆಯಿಂದ ಪಕ್ಕಕ್ಕೆ, ತುಂತುರು ಮಾತ್ರ ಬೀಳುವ ಕಡೆ ನಿಂತರೂ ಮೈ ಪೂರ್ತಿ ನೆನೆಯುತ್ತದೆ. ಗುಂಡಿಯಾಗಿ ನಿಂತ ನೀರಿಗೆ ಯಾರೂ ಧುಮುಕಬಾರದು. ತಳ ಕಾಣದ ಕಡೆ ಆಳವೂ ಗೊತ್ತಾಗುವುದಿಲ್ಲ, ಅಡಿಯಲ್ಲಿ ಮೊನಚು ಬಂಡೆ ಇದೆಯೋ ಎಂಬುದೂ ಗೊತ್ತಾಗುವುದಿಲ್ಲ. ಈಜು ಬಲ್ಲವರೇ ಇಂಥ ಕಡೆ ಹೆಚ್ಚು ಧೈರ್ಯ ಮಾಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ ಮನೆಯವರಲ್ಲಿ ಒಬ್ಬರು ನೀರಿಗಿಳಿಯದೆ ಹಳ್ಳದ ಮೇಲ್ಭಾಗವನ್ನೇ ನೋಡುತ್ತ ಕೂರಬೇಕು, ಬೇಕಾದರೆ ಸರದಿಯ ಮೇಲೆ. ತಿಳಿಯಾಗಿದ್ದ ನೀರು ಟೀ ಬಣ್ಣಕ್ಕೆ ತಿರುಗುವುದು, ತರಗೆಲೆ ಕಡ್ಡಿಗಳು ಒಮ್ಮೆಲೇ ತೇಲಿ ಬರುವುದು, ಬೀಳುವ ಸದ್ದು ದಪ್ಪವಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಮೇಲೆಲ್ಲೋ ಮಳೆ ಬಿದ್ದಿದೆ ಎಂದೇ ಅರ್ಥ. ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಅಷ್ಟೇ. ಚಪ್ಪಲಿ, ಡಬ್ಬಿ ಹುಡುಕುತ್ತ ನಿಲ್ಲದೆ ಮಕ್ಕಳನ್ನು ಎತ್ತಿಕೊಂಡು ದಡದ ಎತ್ತರದ ಜಾಗಕ್ಕೆ ಹೋಗಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಮ್ಮ ಕಡೆ ಗುಡುಗು ಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನದ ಮೇಲೆ, ಸಂಜೆಯ ಹೊತ್ತಿಗೆ. ಬೆಳಗ್ಗೆ ಬೇಗ ಬಂದು ಒಂದೂವರೆಯೊಳಗೆ ನೀರು ಬಿಟ್ಟು ಎದ್ದವರಿಗೆ ಈ ಪ್ರಸಂಗವೇ ಬರುವುದು ಕಡಿಮೆ.

ಮಕ್ಕಳನ್ನು ನೀರಿನಿಂದ ಎಬ್ಬಿಸುವುದು ಸುಲಭವಲ್ಲ, ನೋಡಲು ಬೇರೇನಾದರೂ ಇರಬೇಕು. ಹಳ್ಳದಂಚಿನ ಒದ್ದೆ ಮರಳಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂತಿರುತ್ತವೆ. ಹೂವೇ ಇಲ್ಲದ ಕಡೆ ಏನು ಮಾಡುತ್ತಿವೆ ಎಂದು ಮಕ್ಕಳು ಕೇಳುತ್ತಾರೆ. ಅವು ಮಣ್ಣಿನಲ್ಲಿರುವ ಉಪ್ಪಿನಂಶವನ್ನು ಹೀರುತ್ತಿರುತ್ತವೆ, ಹೆಚ್ಚಿನವು ಗಂಡು ಚಿಟ್ಟೆಗಳು. ಮರಗಳ ನಡುವೆ ಪಿಕಳಾರ, ಕಾಜಾಣ ಕಾಣುತ್ತವೆ. ಬಂಡೆಯನ್ನೂ ತೋರಿಸಬೇಕು. ಬಿಳಿ ಕಪ್ಪು ಪಟ್ಟೆಗಳು ಅಲೆ ಅಲೆಯಾಗಿ ಹಾಸಿಕೊಂಡ ಈ ಕಲ್ಲು, ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತ ಬಂಡೆಯ ಜಾತಿಯದೇ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಗಟ್ಟಿ ಬಂಡೆಯ ಹಾಸಿನ ಮೇಲೆ ಕೂತಿದೆ. ಆ ಹಾಸು ದಕ್ಷಿಣದಲ್ಲಿ ಒಡೆದು ಕಣಿವೆಗಳಾಗಿ ಇಳಿಯುವ ಅಂಚಿನಲ್ಲಿ ಇಂಥ ಜಲಪಾತಗಳು ಹುಟ್ಟಿಕೊಂಡಿವೆ.

ಬಂಡೆಯ ಗೋಡೆಗೋ ದೊಡ್ಡ ಮರಕ್ಕೋ ಹೆಜ್ಜೇನಿನ ಹುಟ್ಟು ಕಟ್ಟಿದ್ದರೆ ಅದರ ಕೆಳಗೆ ಊಟಕ್ಕೆ ಕೂರಬೇಡಿ. ಹೊಗೆ, ಗದ್ದಲ, ಕಲ್ಲು ಯಾವುದೂ ಸಲ್ಲದು. ಎದ್ದು ಬಂದರೆ ಟವೆಲಿನಿಂದ ತಲೆ, ಮುಖ ಮುಚ್ಚಿಕೊಂಡು ಆದಷ್ಟು ದೂರ ಹೋಗಬೇಕು, ಕೈ ಬೀಸಿದಷ್ಟೂ ಮುತ್ತುತ್ತವೆ. ಕಲ್ಲಿನ ಸಂದಿಗೆ, ಎಲೆಯ ರಾಶಿಗೆ ಕೈ ಹಾಕದಂತೆ ಮಕ್ಕಳಿಗೆ ಮೊದಲೇ ಹೇಳಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಎಲ್ಲವೂ ತಪ್ಪು. ಕಚ್ಚಿದ ಅಂಗ ಅಲುಗದಂತೆ ಹೊತ್ತು ಆಸ್ಪತ್ರೆಗೆ ಒಯ್ಯಬೇಕು. ಕಣಿವೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗದಿರಬಹುದು, ಹುಡುಕಿ ಹುಡುಕಿ ಬ್ಯಾಟರಿ ಇಳಿಯುತ್ತದೆ. ಒಂದು ಫೋನನ್ನಾದರೂ ಫ್ಲೈಟ್ ಮೋಡಿನಲ್ಲಿಟ್ಟು 112ಕ್ಕೆ ಕರೆ ಮಾಡುವಷ್ಟು ಚಾರ್ಜ್ ಉಳಿಸಿಕೊಳ್ಳಿ.

ಊಟವನ್ನು ಕೆಳಗೇ ಹೊಟ್ಟೆ ಬಿರಿಯುವಂತೆ ಮಾಡಬಾರದು. ಪುಳಿಯೋಗರೆಯನ್ನು ಕೆಳಗೆ ಸ್ವಲ್ಪ ತಿಂದು, ಮೊಸರನ್ನವನ್ನು ಮೇಲೆ ಹತ್ತಿದ ಮೇಲೆ ನೆರಳಿನಲ್ಲಿ ಉಣ್ಣುವುದು ಸರಿಯಾದ ಕ್ರಮ. ಮೇಲೆ ಊಟ ಕಾಯುತ್ತಿದೆ ಎಂದರೆ ಮಕ್ಕಳೂ ಹತ್ತುತ್ತಾರೆ. ಹೊರಡುವ ಮುನ್ನ ಒದ್ದೆ ಬಟ್ಟೆ ಬದಲಿಸಿ, ಕಾಲು ಒರೆಸಿ ಒಣ ಕಾಲುಚೀಲ ಹಾಕಿ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ, ಗಟ್ಟಿಗರು ಹಿಂದೆ. ಮೂವತ್ತು ನಲವತ್ತು ಮೆಟ್ಟಿಲಿಗೊಮ್ಮೆ, ಏದುಸಿರು ಬರುವ ಮೊದಲೇ ನಿಂತು ಎರಡು ಗುಟುಕು ನೀರು ಕುಡಿದು ಮುಂದೆ ನಡೆಯಬೇಕು. ಕೂತರೆ ಕಾಲು ಮರಗಟ್ಟುತ್ತದೆ, ನಿಂತೇ ಸುಧಾರಿಸಿಕೊಳ್ಳಿ. ಮಾತಾಡಿಕೊಂಡು ಹತ್ತಲು ಆಗುತ್ತಿದ್ದರೆ ವೇಗ ಸರಿಯಿದೆ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ಕೂರಿಸಬೇಕು, ಆಗ ಇನ್ನು ನಾಲ್ಕೇ ಮೆಟ್ಟಿಲು ಎಂದು ಹುರಿದುಂಬಿಸುವುದು ಅಪಾಯ.

ನಾಲ್ಕು ಗಂಟೆಯೊಳಗೆ ಗಾಡಿ ಆನೇಕಲ್ ದಾರಿ ಹಿಡಿದಿರಲಿ. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಬನ್ನೇರುಘಟ್ಟದ ಕಾಡು ಇಲ್ಲಿಗೆ ದೂರವಿಲ್ಲ. ರಾಗಿ ತೆನೆ ಬಲಿಯುವ ನವೆಂಬರಿನಲ್ಲಿ ಮುಸ್ಸಂಜೆಯಾಗುತ್ತಲೇ ಆನೆಗಳು ಹೊಲಗಳತ್ತ ಬರುತ್ತವೆ. ಇದೇ ಕಾರಣಕ್ಕೆ ಗುರುತಾದ ದಾರಿ ಬಿಟ್ಟು ಕಾಡಿನ ಕಾಲುದಾರಿ ಹಿಡಿಯಬಾರದು. ಅರಣ್ಯದೊಳಗಿನ ಚಾರಣಕ್ಕೆ ಇಲಾಖೆಯ ಅನುಮತಿ ಪಡೆದೇ ಹೋಗಬೇಕು.

ಮನೆಗೆ ಬಂದ ಮೇಲೆ ಸ್ನಾನಕ್ಕೆ ಮುಂಚೆ ಮಕ್ಕಳ ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗದಲ್ಲಿ ಉಣ್ಣೆ ಕಚ್ಚಿಕೊಂಡಿದೆಯೇ ನೋಡಿ. ಇದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಬೇಕು, ಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಬೇಡ. ತೊಡೆಯ ಮುಂಭಾಗದ ನೋವು ಮಾರನೆಯ ದಿನಕ್ಕಿಂತ ಮೂರನೆಯ ದಿನ ಜೋರಾಗುವುದುಂಟು. ಅದು ಹತ್ತಿದ್ದಕ್ಕಿಂತ ಹೆಚ್ಚಾಗಿ ಇಳಿದದ್ದರ ನೋವು, ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುತ್ತಿದ್ದರೆ ತಾನೇ ಬಿಡುತ್ತದೆ. ಒದ್ದೆ ಶೂಗಳ ಒಳಗೆ ಹಳೆಯ ಪತ್ರಿಕೆ ತುರುಕಿ, ಒಂದೆರಡು ಗಂಟೆಗೊಮ್ಮೆ ಬದಲಿಸಿ, ಫ್ಯಾನಿನ ಗಾಳಿಗೆ ಇಡಿ. ಬಿಸಿಲಿಗಿಟ್ಟರೆ ಅಡಿಯ ಅಂಟು ಬಿಟ್ಟುಹೋಗುತ್ತದೆ.