ನೆಂಟರು ಬರುವ ಮೊದಲು ನಲ್ಲಿಗಳ ತಪಾಸಣೆ

ರಜೆಗೆ ಅಕ್ಕನ ಮನೆಯವರು, ಚಿಕ್ಕಪ್ಪನ ಮನೆಯವರು ಸೇರಿ ಆರು ಜನ ಬರುತ್ತಿದ್ದಾರೆ. ನಾವು ನಾಲ್ವರು. ಅಲ್ಲಿಗೆ ಹತ್ತು ಜನ, ಎರಡು ಬಚ್ಚಲು, ತಾರಸಿಯ ಮೇಲೆ 1000 ಲೀಟರಿನ ಒಂದು ಟ್ಯಾಂಕ್. ಹಾಸಿಗೆ, ಹೊದಿಕೆ, ಅಡುಗೆಯ ಲೆಕ್ಕ ಬೇರೆಯವರದು. ನೀರಿನ ಲೆಕ್ಕ ನನ್ನ ತಲೆಗೆ ಬಂದಿದೆ. ಮಾಡಿದ್ದನ್ನು ಆಗಿಂದಾಗ್ಗೆ ಬರೆದಿಡುತ್ತಿದ್ದೇನೆ.

ಶುರುವಿಗೇ ಒಂದು ನಿಯಮ ಹಾಕಿಕೊಂಡೆ. ಸ್ಪಾನರ್ ಹಿಡಿಯುವ ಕೆಲಸವೆಲ್ಲ ಈಗಲೇ ಮುಗಿಯಬೇಕು, ನೆಂಟರು ಬರುವ ಹಿಂದಿನ ವಾರ ಯಾವ ವಾಲ್ವಿಗೂ ಕೈ ಹಚ್ಚುವಂತಿಲ್ಲ. ವರ್ಷಗಟ್ಟಲೆ ತಿರುಗಿಸದ ಕಾಕ್ ಒಳಗೆ ರಬ್ಬರು ಗಡುಸಾಗಿ, ಇದ್ದಲ್ಲೇ ಅಚ್ಚು ಬಿದ್ದಿರುತ್ತದೆ. ತಿರುಗಿಸಿದ ದಿನ ಸುಮ್ಮನಿದ್ದು, ಮೂರನೇ ದಿನ ಜಿನುಗಲು ಶುರುಮಾಡುವುದೂ ಉಂಟು. ಜಿನುಗುವುದಿದ್ದರೆ ಈಗಲೇ ಜಿನುಗಿ ಮುಗಿಸಲಿ.

ಶನಿವಾರ: ಮೇನ್ ವಾಲ್ವ್

ಎಲ್ಲಕ್ಕಿಂತ ಮೊದಲು ಟ್ಯಾಂಕಿನಿಂದ ಇಳಿಯುವ ಪೈಪಿನ ಗೇಟ್ ವಾಲ್ವ್. ಕೆಳಗೆ ಏನಾದರೂ ಒಡೆದರೆ ಓಡಿ ಬಂದು ಮುಚ್ಚಬೇಕಾದದ್ದು ಇದನ್ನೇ. ಬಿಗಿಯಾಗಿ ಕಚ್ಚಿಕೊಂಡಿತ್ತು. ಬಲವಂತ ಮಾಡದೆ ಸ್ವಲ್ಪ ಆಚೆ, ಸ್ವಲ್ಪ ಈಚೆ ತಿರುಗಿಸುತ್ತ ಬಿಡಿಸಿದೆ. ಬಿಟ್ಟುಕೊಂಡಿತು, ಆದರೆ ಹಿಡಿಯ ಕಡ್ಡಿಯ ಬುಡದಲ್ಲಿ ನೀರು ಮಣಿಮಣಿಯಾಗಿ ಕಾಣಿಸಿತು. ಇದಕ್ಕೆ ವಾಲ್ವ್ ಬದಲಿಸಬೇಕಾಗಿಲ್ಲ. ಕಡ್ಡಿಯ ಸುತ್ತ ಇರುವ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದರೆ ಒಳಗಿನ ಪ್ಯಾಕಿಂಗ್ ಅದುಮಿಕೊಂಡು ನೀರು ನಿಲ್ಲುತ್ತದೆ. ನಿಂತಿತು. ಪೂರ್ತಿ ಮುಚ್ಚಿದ ಮೇಲೂ ಕೆಳಗಿನ ನಲ್ಲಿಯಲ್ಲಿ ಸಣ್ಣ ಎಳೆ ಬರುತ್ತಲೇ ಇತ್ತು. ಕೂರುವ ಜಾಗದಲ್ಲಿ ಮರಳು ಸಿಕ್ಕಿಕೊಂಡರೆ ಹೀಗಾಗುತ್ತದೆ. ಅರ್ಧ ತೆರೆದು ನೀರು ರಭಸದಿಂದ ಹರಿಯಲು ಬಿಟ್ಟು ಮತ್ತೆ ಮುಚ್ಚಿದೆ. ಎಳೆ ಹೋಗಿ ಹನಿಯಾಯಿತು, ಹನಿ ಮಾತ್ರ ಹೋಗಲಿಲ್ಲ. ಈ ಜಾಗಕ್ಕೆ ಬಾಲ್ ವಾಲ್ವೇ ಸರಿ, ಕಾಲು ಸುತ್ತಿಗೆ ಪೂರ್ತಿ ಮುಚ್ಚುತ್ತದೆ. ಆದರೆ ಅದಕ್ಕೆ ಪೈಪ್ ಕೊಯ್ಯಬೇಕು, ರಜೆ ಕಳೆದ ಮೇಲೆ ನೋಡೋಣ.

ಅದೇ ರಾತ್ರಿ, ಭಾನುವಾರ ಬೆಳಿಗ್ಗೆ: ನೀರು ಕದಿಯುತ್ತಿರುವವರು ಯಾರು

ಎಲ್ಲರೂ ಮಲಗಿದ ಮೇಲೆ ಟ್ಯಾಂಕಿಗೆ ನೀರು ಬರುವ ದಾರಿ ಮುಚ್ಚಿ, ಒಂದು ಕೋಲು ಇಳಿಬಿಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕಿದ್ದೆ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು ನೋಡಿದರೆ 2 ಸೆಂಟಿಮೀಟರ್ ಇಳಿದಿದೆ. ನಮ್ಮ ಟ್ಯಾಂಕಿನ ಅಡ್ಡಗಲ ಸುಮಾರು 1 ಮೀಟರ್, ಆದ್ದರಿಂದ ಇದು ಹತ್ತಿರ ಹತ್ತಿರ 16 ಲೀಟರ್. ಎಂಟು ಗಂಟೆಯಲ್ಲಿ ಇಷ್ಟಾದರೆ ದಿನಕ್ಕೆ 48. ನಲ್ಲಿಗಳೆಲ್ಲ ಒಣಗಿಯೇ ಇವೆ, ಗೋಡೆಯಲ್ಲಿ ತೇವವಿಲ್ಲ. ಇಷ್ಟು ನೀರು ಸದ್ದಿಲ್ಲದೆ ಹೋಗುವುದು ಸಾಮಾನ್ಯವಾಗಿ ಒಂದೇ ದಾರಿಯಲ್ಲಿ: ಫ್ಲಶ್ ಟ್ಯಾಂಕ್.

ಪತ್ತೆ ಮಾಡುವುದು ಸುಲಭ. ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ತಿನ್ನುವ ಬಣ್ಣದ ನಾಲ್ಕಾರು ಹನಿ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡುವುದು. ಅಮ್ಮ ಬಾಗಿಲಲ್ಲಿ ನಿಂತು, "ಇದೇನೋ ಹೊಸ ಆಟ?" ಎಂದರು. ಅರ್ಧ ಗಂಟೆಯ ಮೇಲೆ ಕಮೋಡಿನ ಒಳಗೆ, ಹಿಂಬದಿಯಲ್ಲಿ ತೆಳುವಾದ ಕೆಂಪು ಗೆರೆ ಇಳಿದು ಬಂದಿತ್ತು. "ಓಹೋ, ಇದಾ ಕಳ್ಳ" ಎಂದು ಅವರೇ ತೀರ್ಪು ಕೊಟ್ಟರು.

ಗೋಡೆಯ ಪೈಪಿನಿಂದ ನೀರು ಬಿಡುವ ಸಣ್ಣ ವಾಲ್ವ್, ಅಂದರೆ ಆಂಗಲ್ ಕಾಕ್ ಮುಚ್ಚಿ, ಒಳಗಿನ ಫ್ಲಶ್ ವಾಲ್ವ್ ತಿರುಗಿಸಿ ಹೊರಗೆ ತೆಗೆದೆ. ಬುಡದ ರಬ್ಬರ್ ವಾಷರ್ ಉಬ್ಬಿ ಅಂಚು ಅಲೆಅಲೆಯಾಗಿದೆ, ಬೆರಳು ಸವರಿದರೆ ಕಪ್ಪು ಮಸಿ ಹತ್ತುತ್ತದೆ. ಅದು ಕೂರುವ ಬಾಯಿಯ ಸುತ್ತ ಬಿಳಿ ಸುಣ್ಣದ ಉಂಗುರ. ಹೊಸ ವಾಷರ್ ಹಾಕಿ ಈ ಉಂಗುರವನ್ನು ಹಾಗೇ ಬಿಟ್ಟರೆ ಸೋರಿಕೆ ನಿಲ್ಲುವುದಿಲ್ಲ. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಅಲ್ಲೇ ಸುತ್ತಿಟ್ಟು, ಸುಣ್ಣ ಮೆತ್ತಗಾದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆದೆ. ಚಾಕು, ಸ್ಕ್ರೂಡ್ರೈವರ್ ಬೇಡ. ಪ್ಲಾಸ್ಟಿಕ್ಕಿನ ಮೇಲೆ ಗೀರು ಬಿದ್ದರೆ ಆ ಗೀರಿನಲ್ಲೇ ನೀರು ಹೋಗುತ್ತದೆ. ಆ ರಾತ್ರಿ ಮತ್ತೆ ಕೋಲು ಇಳಿಬಿಟ್ಟೆ. ಬೆಳಿಗ್ಗೆ ಗುರುತು ಇದ್ದಲ್ಲೇ ಇತ್ತು.

ಮುಚ್ಚಳ ತೆಗೆದದ್ದಕ್ಕೆ ಇನ್ನೊಂದು ಕೆಲಸವೂ ಆಯಿತು. ನಮ್ಮದು ಹಳೇ ನಮೂನೆ, ಒಂದು ಸಲಕ್ಕೆ 9 ಲೀಟರ್ ಬಿಡುತ್ತದೆ. ಹತ್ತು ಜನ ದಿನಕ್ಕೆ ಐದು ಸಲ ಎಂದರೆ 450 ಲೀಟರ್, ಟ್ಯಾಂಕಿನ ಅರ್ಧದಷ್ಟು ಅಲ್ಲಿಗೇ ಹೋಯಿತು. ತುಂಬಿದಾಗ ಮೇಲೆ ತೇಲಿ ನೀರು ನಿಲ್ಲಿಸುವ ಫ್ಲೋಟನ್ನು ತಗ್ಗಿಸಿ 7 ಲೀಟರಿಗೆ ತಂದೆ. ಇನ್ನೂ ಇಳಿಸಬಹುದಿತ್ತು. ಆದರೆ 6 ಲೀಟರಿಗೆಂದೇ ಮಾಡಿದ ಕಮೋಡ್ ಬೇರೆ, ಇದು ಬೇರೆ. ಒಂದು ಸಲಕ್ಕೆ ಹೋಗದೆ ಎರಡು ಸಲ ಒತ್ತುವಂತಾದರೆ ಉಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಟ್ಯಾಂಕಿನೊಳಗೆ ಇಟ್ಟಿಗೆ ಇಡುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ನನಗದು ಇಷ್ಟವಿಲ್ಲ, ಇಟ್ಟಿಗೆ ಕರಗಿ ಪುಡಿ ವಾಷರಿನ ಕೆಳಗೇ ಹೋಗಿ ಕೂರುತ್ತದೆ.

ಮುಂದಿನ ಶನಿವಾರ: ನೆಂಟರ ಬಚ್ಚಲು

ತಿಂಗಳುಗಟ್ಟಲೆ ಮುಚ್ಚಿದ್ದ ಬಚ್ಚಲು. ಬಾಗಿಲು ತೆಗೆದ ಕೂಡಲೇ ಚರಂಡಿ ವಾಸನೆ. ಫಿನಾಯಿಲ್ ಹುಡುಕುವ ಅಗತ್ಯವಿಲ್ಲ. ನೆಲದ ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ಸದಾ ನಿಂತಿರಬೇಕು, ಆಚೆಯ ಗಾಳಿಯನ್ನು ತಡೆಯುವುದು ಅದೇ. ಬಳಸದೆ ಬಿಟ್ಟಾಗ ಆ ನೀರು ಆರಿಹೋಗುತ್ತದೆ. ಎರಡು ಚೊಂಬು ನೀರು ಸುರಿದೆ, ವಾಸನೆ ಅಲ್ಲಿಗೇ ನಿಂತಿತು. ಮತ್ತೆ ಮುಚ್ಚಿಡುವ ಬಚ್ಚಲಾದರೆ ಮೇಲೊಂದು ಚಮಚ ಅಡುಗೆ ಎಣ್ಣೆ ಬಿಡಬಹುದು, ಎಣ್ಣೆಯ ಪದರ ನೀರು ಬೇಗ ಆರದಂತೆ ಕಾಯುತ್ತದೆ.

ಪೈಪಿನಲ್ಲಿ ನಿಂತ ನೀರನ್ನು ಕಂದು ಹೋಗಿ ತಿಳಿಯಾಗುವ ತನಕ ಬಿಟ್ಟೆ. ಶವರ್ ತಲೆಯನ್ನು ಕಳಚಿಯೇ ಬಿಟ್ಟದ್ದು, ಇಲ್ಲವಾದರೆ ತುಕ್ಕಿನ ಪುಡಿಯೆಲ್ಲ ಹೋಗಿ ಅದರ ತೂತುಗಳಲ್ಲಿ ಕೂರುತ್ತದೆ. ಬೇಸಿನ್ ನಲ್ಲಿಯ ಬಾಯಿಯ ಜಾಲರಿಯಲ್ಲಿ ಸುಣ್ಣದ ಚೂರು ಎಷ್ಟು ತುಂಬಿತ್ತೆಂದರೆ ಬೆಳಕೇ ಕಾಣುತ್ತಿರಲಿಲ್ಲ. ವಿನೆಗರಿನಲ್ಲಿ ರಾತ್ರಿಯೆಲ್ಲ ನೆನೆಸಿದ್ದೇನೆ.

ಶವರ್ ಮತ್ತೆ ಕೂರಿಸುವಾಗ ಟೆಫ್ಲಾನ್ ಟೇಪನ್ನು ಪೈಪಿನ ಮರೆ (ಥ್ರೆಡ್) ಬಿಗಿಯಾಗುವ ದಿಕ್ಕಿಗೇ ಸುತ್ತಬೇಕು. ಪೈಪಿನ ಬಾಯಿ ನಮ್ಮ ಕಡೆಗಿದ್ದರೆ ಗಡಿಯಾರದ ಮುಳ್ಳಿನಂತೆ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಟೇಪ್ ಸುರುಳಿ ಬಿಚ್ಚಿಕೊಂಡು ಹೊರಗೆ ಬರುತ್ತದೆ.

ಭಾನುವಾರ: ಗೀಸರ್

25 ಲೀಟರಿನದು, 2 ಕಿಲೋವ್ಯಾಟ್. ಮೇನ್ ಸ್ವಿಚ್ ತೆಗೆದು, ನೀರು ತಣ್ಣಗಾಗಲು ಬಿಟ್ಟು, ನೀರು ಬರುವ ಕಾಕ್ ಮುಚ್ಚಿ, ಬಿಸಿ ನಲ್ಲಿ ತೆರೆದಿಟ್ಟು, ಆಮೇಲೆ ಕೆಳಗಿನಿಂದ ಖಾಲಿ ಮಾಡಿದೆ. ಬಿಸಿ ನಲ್ಲಿ ತೆರೆಯದಿದ್ದರೆ ಒಳಗೆ ಗಾಳಿ ಹೋಗದೆ ನೀರು ಗುಳುಗುಳು ಎಂದು ಅಲ್ಲೇ ನಿಲ್ಲುತ್ತದೆ. ಮೊದಲು ತಿಳಿನೀರು, ಕೊನೆಯಲ್ಲಿ ಮೊಟ್ಟೆಯ ಚಿಪ್ಪಿನಂಥ ಬಿಳಿ ಚಕ್ಕೆಗಳು. ಕಾಯುವಾಗ ಗೀಸರ್ ಪಟಪಟ ಸದ್ದು ಮಾಡುತ್ತಿದ್ದುದಕ್ಕೆ ಇವೇ ಕಾರಣ. ಮತ್ತೆ ತುಂಬಿಸಿ, ಬಿಸಿ ನಲ್ಲಿಯಲ್ಲಿ ಗಾಳಿಯಿಲ್ಲದ ಧಾರೆ ಬಂದ ಮೇಲೆಯೇ ಸ್ವಿಚ್ ಹಾಕಿದೆ. ಖಾಲಿ ಗೀಸರಿಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ.

ಥರ್ಮೋಸ್ಟಾಟ್ 60 ಡಿಗ್ರಿಗೆ ಇಟ್ಟಿದ್ದೇನೆ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುವಂಥದ್ದು, ಹಾಗಾಗಿ ಕರೆಂಟ್ ಉಳಿಸಲೆಂದು ಉಗುರುಬೆಚ್ಚಗೆ ಇಡುವುದು ಒಳ್ಳೆಯದಲ್ಲ. ಆದರೆ 60 ಡಿಗ್ರಿಯ ನೀರು ನೇರವಾಗಿ ಬಿದ್ದರೆ ಮಕ್ಕಳ ಚರ್ಮ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಅಕ್ಕನ ಮಕ್ಕಳಿಗೆ ದೊಡ್ಡವರೇ ನೀರು ಬೆರೆಸಿ ಕೊಡಬೇಕು ಎಂದು ಫೋನಿನಲ್ಲೇ ಹೇಳಿಟ್ಟಿದ್ದೇನೆ.

ಇನ್ನು ಸ್ನಾನದ ಲೆಕ್ಕ. ತಣ್ಣೀರು 25 ಡಿಗ್ರಿ ಇದ್ದು, ಮೈಗೆ 40 ಡಿಗ್ರಿ ಬೇಕೆಂದರೆ, ಗೀಸರಿನ 25 ಲೀಟರಿನಿಂದ ಕಾಗದದ ಮೇಲೆ 58 ಲೀಟರ್ ಬೆಚ್ಚನೆ ನೀರಾಗುತ್ತದೆ. ಬಳಸುತ್ತಿದ್ದ ಹಾಗೆ ಕೆಳಗಿನಿಂದ ತಣ್ಣೀರು ಸೇರುವುದರಿಂದ ನಿಜಕ್ಕೂ ಸಿಗುವುದು ಅದಕ್ಕಿಂತ ಕಡಿಮೆ. ಬಕೆಟ್ಟಿನಲ್ಲಿ ಇಬ್ಬರ ಸ್ನಾನ ಎಂದಿಟ್ಟುಕೊಳ್ಳಿ. ಆಮೇಲೆ ಮತ್ತೆ ಕಾಯಲು ಅರ್ಧ ಗಂಟೆ. ಹತ್ತು ಜನ ಬೆಳಿಗ್ಗೆ ಎಂಟರೊಳಗೆ ಸ್ನಾನ ಮುಗಿಸುವುದು ಆಗದ ಮಾತು, ದೊಡ್ಡ ಗೀಸರ್ ತಂದರೂ ಅಷ್ಟೇ. ಚಿಕ್ಕಪ್ಪ ಬೆಳಗಿನ ಜಾವವೇ ಏಳುವವರು, ಅಕ್ಕನ ಮಕ್ಕಳಿಗೆ ಸಂಜೆಯ ಸ್ನಾನ. ಹೊಸ ಸಾಮಾನಿಗಿಂತ ಈ ಹಂಚಿಕೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ಎಣಿಕೆ.

ವಾರದ ನಡುವೆ: ಹೊರಹೋಗುವ ನೀರು

ಬೇಸಿನ್ನಿನ ಬಾಟಲ್ ಟ್ರ್ಯಾಪ್ ಕೈಯಿಂದಲೇ ಕಳಚಿತು, ಕೆಳಗೆ ಬಕೆಟ್ ಇಟ್ಟಿದ್ದೆ. ಒಳಗಿದ್ದದ್ದನ್ನು ವರ್ಣಿಸುವುದಿಲ್ಲ. ಅಡುಗೆಮನೆಯ ಸಿಂಕಿಗೆ ಬಿಸಿನೀರು, ಪಾತ್ರೆ ಸೋಪು. ಕುದಿಯುವ ನೀರು ಮಾತ್ರ ಬೇಡ, ಪಿವಿಸಿ ಪೈಪು ಮೆತ್ತಗಾಗುತ್ತದೆ. ಆ್ಯಸಿಡ್ ಬಾಟಲಿಯನ್ನು ನಮ್ಮ ಮನೆಯಿಂದ ಎಂದೋ ಹೊರಗೆ ಹಾಕಿದ್ದೇವೆ. ಬ್ಲೀಚಿನ ಜೊತೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಆಟವಲ್ಲ.

ಹೊರಗಿನ ಚೇಂಬರಿನ ಮುಚ್ಚಳ ತೆಗೆದು, ತಮ್ಮನಿಗೆ ಎರಡೂ ಕಡೆ ಒಟ್ಟಿಗೆ ಫ್ಲಶ್ ಮಾಡಿಸಿದೆ. ನೀರು ನಿಲ್ಲದೆ ಹಾದುಹೋಯಿತು. ಫ್ಲಶ್ ಮಾಡಿದಾಗ ನೆಲದ ಜಾಲರಿಯಲ್ಲಿ ಗುಳುಗುಳು ಸದ್ದು ಬಂದರೆ ಗಾಳಿಪೈಪು ಕಟ್ಟಿದೆ ಅಥವಾ ಮುಂದೆಲ್ಲೋ ಅಡ್ಡವಿದೆ ಎಂದು ಅರ್ಥ. ನಮ್ಮಲ್ಲಿ ಬರಲಿಲ್ಲ.

ಕೊನೆಯ ಭಾನುವಾರ: ಎಲ್ಲ ಒಟ್ಟಿಗೆ

ಒಂದೊಂದೇ ನಲ್ಲಿ ಸರಿಯಿದ್ದರೆ ಸಾಲದು. ನೆಂಟರಿದ್ದಾಗ ಎಲ್ಲವೂ ಒಮ್ಮೆಗೇ ತೆರೆಯುತ್ತವೆ. ಮೇಲಿನ ಬಚ್ಚಲಿನ ಶವರ್ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ನೋಡಿದೆ: ಒಂದೇ ತೆರೆದಾಗ ಒಂದು ನಿಮಿಷದಲ್ಲಿ ತುಂಬಿತು. ತಮ್ಮ ಕೆಳಗಿನ ಶವರ್, ಅಮ್ಮ ಸಿಂಕಿನ ನಲ್ಲಿ ತೆರೆದ ಮೇಲೆ ಎರಡು ನಿಮಿಷ ಹಿಡಿಯಿತು. ಟ್ಯಾಂಕ್ ಆ ಶವರಿಗಿಂತ ಮೂರು ಮೀಟರಷ್ಟೇ ಮೇಲಿದೆ, ಅಂದರೆ 0.3 ಬಾರ್ ಒತ್ತಡ. ಪಂಪ್ ಇಲ್ಲದೆ ಇದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಕೆಳಗಿನ ಬಚ್ಚಲಿನ ಆಂಗಲ್ ಕಾಕ್ ಸ್ವಲ್ಪ ಮುಚ್ಚಿದ್ದರಿಂದ ಮೇಲಿನದಕ್ಕೆ ಪಾಲು ಸಿಕ್ಕಿತು. ಒಂದೂವರೆ ನಿಮಿಷಕ್ಕೆ ಬಂತು. ಕೆಳಗಿದ್ದ ತಮ್ಮನಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಅವನಿಗೆ ತಿಳಿಯದಿದ್ದರೆ ಚಿಕ್ಕಪ್ಪನಿಗೂ ತಿಳಿಯುವುದಿಲ್ಲ.

ಸ್ಪಾನರ್ ಡಬ್ಬಿಗೆ ಹೋಯಿತು. ಜೊತೆಗೆ ಎರಡು ವಾಷರ್, ಒಂದು ಕನೆಕ್ಷನ್ ಪೈಪ್, ಟೆಫ್ಲಾನ್ ಟೇಪ್, ಪ್ಲಂಜರ್ ತೆಗೆದಿಟ್ಟಿದ್ದೇನೆ. ನೆಂಟರ ಬಚ್ಚಲಲ್ಲಿ ಮುಚ್ಚಳವಿರುವ ಕಸದ ಡಬ್ಬಿ ಇಟ್ಟಾಯಿತು, ಒದ್ದೆ ವೈಪ್ಸ್ ಕಮೋಡಿಗೆ ಬೀಳದಿರಲು ಗೋಡೆಯ ಮೇಲಿನ ಬರಹಕ್ಕಿಂತ ಕೈಗೆಟಕುವ ಡಬ್ಬಿಯೇ ವಾಸಿ. ಮೇನ್ ವಾಲ್ವ್ ಎಲ್ಲಿದೆ, ಯಾವ ಕಡೆಗೆ ತಿರುಗಿಸಬೇಕು ಎಂಬುದನ್ನು ಮನೆಯವರೆಲ್ಲರಿಗೂ ತೋರಿಸಿದೆ. ಅಮ್ಮ ತಾವೇ ಒಮ್ಮೆ ಮುಚ್ಚಿ, ತೆರೆದು ನೋಡಿದರು. ಆ ಹನಿಯೊಂದು ಬಾಕಿ ಇದೆ.