ಸಂಜೆ ಆರೂವರೆಯ ಕೆಂಪು ದೀಪ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದು ಮೇ ತಿಂಗಳಲ್ಲಿ. ಒಂದು ತಿಂಗಳು ಯಾವ ತಕರಾರೂ ಇರಲಿಲ್ಲ. ಬೆಂಗಳೂರಿನ ಬಾಡಿಗೆ ಉಳಿಯಿತು ಅಂತ ನಾನೂ ಖುಷಿಯಲ್ಲಿದ್ದೆ. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಶುರುವಾಯಿತು. ದಿನವಿಡೀ ಸರಿಯಾಗಿರುವ ನೆಟ್ ಸಂಜೆ ಆರೂವರೆಗೆ ಮಾಯ. ಆಫೀಸಿನ ಮೀಟಿಂಗ್ ಇರುವುದೇ ಏಳಕ್ಕೆ.

ಮೊದಲ ದಿನ ಎಲ್ಲರೂ ಮಾಡುವುದನ್ನೇ ಮಾಡಿದೆ. ರೂಟರ್ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿದೆ. ಮೊಬೈಲ್‌ನಲ್ಲಿ ವೈಫೈ ಫುಲ್ ಇತ್ತು, ಆದರೆ ಒಂದು ಪುಟವೂ ತೆರೆಯುತ್ತಿರಲಿಲ್ಲ. ನಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಅದರದ್ದೇ ತೊಂದರೆ ಅಂದುಕೊಂಡು ವೈಫೈಯ 5 ಗಿಗಾಹರ್ಟ್ಸ್ ತರಂಗ ಬಿಟ್ಟು, ಗೋಡೆ ದಾಟುವುದರಲ್ಲಿ ವಾಸಿಯಾದ 2.4ಕ್ಕೆ ಬಂದೆ. ಅಕ್ಕಪಕ್ಕದ ವೈಫೈ ಅಡ್ಡ ಬರದಿರಲಿ ಅಂತ ಚಾನೆಲ್ 1, 6, 11 ಮೂರನ್ನೂ ಹಾಕಿ ನೋಡಿದೆ. ಸುತ್ತ ಅರ್ಧ ಕಿಲೋಮೀಟರ್ ಇನ್ನೊಂದು ವೈಫೈ ಇಲ್ಲ, ನಾನು ಚಾನೆಲ್ ಬದಲಿಸುತ್ತಾ ಕೂತಿದ್ದೆ!

ಎರಡನೇ ದಿನ ಇನ್ನೂ ದೊಡ್ಡ ಜಾಣತನ. ರೂಟರ್ ಹಿಂದಿನ ಸಣ್ಣ ತೂತಿಗೆ ಅಮ್ಮನ ಸೇಫ್ಟಿ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿದೆ. ಅದರಲ್ಲಿದ್ದ ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಯಿತು. ಮಾರನೇ ದಿನ ಹಗಲಲ್ಲೂ ನೆಟ್ ಇಲ್ಲ. ಲೈನ್ ನೋಡುವ ಹುಡುಗ ಮಳೆಯಲ್ಲಿ ಬೈಕ್ ಹೊಡೆದುಕೊಂಡು ಬಂದು ಮತ್ತೆ ಹಾಕಿಕೊಟ್ಟ. ಮೀಟರ್ ಹಿಡಿದು, "ಲೈನ್ ಸರಿಯಾಗೇ ಇದೆಯಲ್ಲ ಅಣ್ಣ" ಅಂದ. ಹಗಲು ಹನ್ನೊಂದಕ್ಕೆ ಸರಿಯಾಗಿಯೇ ಇರುತ್ತದೆ, ನನಗೂ ಗೊತ್ತು. ಅಂದು ಸಂಜೆ ಮತ್ತೆ ಅದೇ ಕತೆ.

ಆಗ ಸುಮ್ನೆ ಕೂತು ರೂಟರನ್ನೇ ನೋಡಿದೆ. ಎಲ್‌ಒಎಸ್ ಅಂತ ಬರೆದ ಕಡೆ ಪುಟ್ಟ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು. ನೆಟ್ ಹೊತ್ತು ತರುವ ಬೆಳಕೇ ಫೈಬರಿನಲ್ಲಿ ಬರುತ್ತಿಲ್ಲ ಅಂತ ಅದರ ಅರ್ಥ. ಮೂರು ದಿನದಿಂದ ಅದು ಹೇಳುತ್ತಲೇ ಇತ್ತು, ನಾನು ವೈಫೈ ಹಿಂದೆ ಬಿದ್ದಿದ್ದೆ. ಬ್ರೌಸರ್‌ನಲ್ಲಿ 192.168.1.1 ಹೊಡೆದರೆ ರೂಟರ್ ಒಳಗಿನ ಪುಟ ತೆರೆಯಿತು. ಅಂದರೆ ನನ್ನಿಂದ ರೂಟರ್ ತನಕ ಎಲ್ಲ ಸರಿ, ಕೆಟ್ಟಿದ್ದು ಅದರಾಚೆ. ಆ ಪುಟದಲ್ಲೇ ಬರುವ ಬೆಳಕು ಎಷ್ಟು ಅಂತಲೂ ತೋರಿಸುತ್ತದೆ.

ಬೆಳಿಗ್ಗೆ ನೋಡಿದಾಗ ಮೈನಸ್ 19 ಡಿಬಿಎಂ. ಬೆಳಕಿನ ಬಲ ಅಳೆಯುವ ಲೆಕ್ಕ ಅದು. ಇದು ಒಳ್ಳೆ ಅಂಕಿ. ಮೂರು ಇಳಿದರೆ ಬೆಳಕು ಅರ್ಧವಾದ ಹಾಗೆ. ಮೈನಸ್ 27ಕ್ಕಿಂತ ಕೆಳಗೆ ಹೋಯಿತೋ, ಸಾಮಾನ್ಯವಾಗಿ ರೂಟರ್ ಕೈಚೆಲ್ಲುತ್ತದೆ.

ಸಂಜೆ ಆರಕ್ಕೇ ಲ್ಯಾಪ್‌ಟಾಪ್ ತೆರೆದು ಕಾದೆ. ಮೈನಸ್ 19. ರಿಫ್ರೆಶ್ ಮಾಡಿದೆ. ಮೈನಸ್ 19. ಹೊರಗೆ ಜೀರುಂಡೆ ಶುರುವಾದವು. ಆರು ಇಪ್ಪತ್ತೈದಕ್ಕೆ ಪಡಸಾಲೆಯಿಂದ 'ಧಡ್' ಅಂತ ಸದ್ದು. ಮತ್ತೆ ರಿಫ್ರೆಶ್ ಮಾಡಿದರೆ ಅಂಕಿ ಮೈನಸ್ 40. ಕೆಂಪು ದೀಪ.

ಎದ್ದು ಓಡಿದೆ. ಅಮ್ಮ ಕಿಟಕಿಯ ಚಿಲಕ ಹಾಕಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು.

"ಇದೊಂದು ಕಿಟಕಿ, ಮಳೆಗೆ ಉಬ್ಬಿ ಮುಚ್ಚಕ್ಕೇ ಬರಲ್ಲ ಮಾರಾಯ. ಮೈಭಾರ ಹಾಕಿ ತಳ್ಳಬೇಕು. ಇಲ್ಲಾಂದ್ರೆ ಸೊಳ್ಳೆ."

ಹಳೇ ಗೋಡೆ ಕೊರೆಯುವುದು ಬೇಡ ಅಂತ ಮೇ ತಿಂಗಳಲ್ಲಿ ಫೈಬರನ್ನು ಕಿಟಕಿ ಸಂದಿಯಲ್ಲೇ ಒಳಗೆ ತಂದಿದ್ದೆವು. ಬೇಡ ಅಂದವನು ನಾನೇ. ಬೇಸಿಗೆಯಲ್ಲಿ ಮುಚ್ಚಿದರೂ ಮರದ ನಡುವೆ ಬೆರಳು ತೂರುವಷ್ಟು ಜಾಗ ಇತ್ತು. ಈಗ ಹಲಸಿನ ಹಲಗೆ ಉಬ್ಬಿ, ವೈರು ಅಂಚಿನಲ್ಲಿ ಸಿಕ್ಕಿ ಚೂಪಾಗಿ ಮಡಚಿಕೊಂಡಿತ್ತು. ಒಳಗಿರುವುದು ಕೂದಲೆಳೆಯಷ್ಟು ಗಾಜು. ಅಷ್ಟು ಬಗ್ಗಿಸಿದರೆ ಬೆಳಕು ತಿರುಗದೆ ಹೊರಗೆ ಸೋರಿಹೋಗುತ್ತದೆ. ಪುಣ್ಯಕ್ಕೆ ಮುರಿದಿರಲಿಲ್ಲ. ಅದಕ್ಕೇ ಬೆಳಿಗ್ಗೆ ಅಮ್ಮ ಕಿಟಕಿ ತೆಗೆದರೆ ನೆಟ್ಟೂ ಬರುತ್ತಿತ್ತು.

ಅಪ್ಪ ಮಾತಾಡದೆ ಅಟ್ಟದಿಂದ ಉಳಿ ತಂದರು. ಚೌಕಟ್ಟಿನ ಮೂಲೆಯಲ್ಲಿ ಕಿರುಬೆರಳಿನಷ್ಟು ಕಚ್ಚು ಹೊಡೆದರು. ವೈರನ್ನು ಅದರಲ್ಲಿ ಸಡಿಲವಾಗಿ ಕೂರಿಸಿದೆವು. ಅಮ್ಮ ಮತ್ತೆ ಮೈಭಾರ ಹಾಕಿ ತಳ್ಳಿದರು. ಮೈನಸ್ 19. ಮೀಟಿಂಗಿಗೆ ಇನ್ನೂ ಐದು ನಿಮಿಷ ಇತ್ತು.

ಮೀಟಿಂಗ್ ಮುಗಿಸಿ ಬಂದಾಗ ಅಮ್ಮ ಆ ಕಚ್ಚಿಗೆ ಹತ್ತಿ ತುರುಕುತ್ತಿದ್ದರು. ಸೊಳ್ಳೆಗೆ ಹೊಸ ದಾರಿ ಮಾಡಿಕೊಟ್ಟಿದ್ದೀರಿ ಅಂತ ಅಪ್ಪನಿಗೂ ನನಗೂ ಸೇರಿಸಿ ಬೈಗುಳ. "ಮೆತ್ತಗೆ ತುರುಕಮ್ಮ, ವೈರಿದೆ" ಅಂದೆ.