ಪೈಪಿಗೆ ಹೆದರಿದ ಸಂಜೆ

ಶಿರಸಿಯ ಹತ್ತಿರದ ನಮ್ಮ ಮನೆಯಿಂದ ಅಡಿಕೆ ತೋಟಕ್ಕೆ ಇಳಿಯುವ ದಾರಿಯಲ್ಲಿ ಒಂದು ಕಾಲುಸಂಕವಿದೆ. ಕಳೆದ ಮಳೆಗಾಲದ ಒಂದು ಸಂಜೆ, ಬೆಳಕು ಇನ್ನೂ ಪೂರ್ತಿ ಆರಿರದ ಹೊತ್ತಿನಲ್ಲಿ, ದೊಡ್ಡಪ್ಪನ ಹಿಂದೆ ಆ ಸಂಕ ದಾಟಿ ಇಳಿಯುತ್ತಿದ್ದ ನಾನು ಒಮ್ಮೆಲೇ ಹಿಂದಕ್ಕೆ ಜಿಗಿದೆ. ಜಿಗಿದ ಮೇಲೆ ಎದೆ ಧಸಕ್ಕೆಂದಿತು, ತೋಳಿನ ರೋಮ ಎದ್ದು ನಿಂತಿತು. ‘ಹಾವು’ ಎಂಬ ಶಬ್ದ ತಲೆಗೆ ಬಂದದ್ದು ಅದಾದ ಮೇಲೆ. ದೊಡ್ಡಪ್ಪ ತಿರುಗಿ ಟಾರ್ಚ್ ಬಿಟ್ಟು, “ಹೆದರಡ ತಮಾ, ಪೈಪು ಅದು” ಎಂದರು. ತೋಟಕ್ಕೆ ನೀರು ಹಾಯಿಸುವ ಕರಿಯ ಪೈಪಿನ ತುಂಡೊಂದು ಒದ್ದೆ ದರಕಿನ ಮೇಲೆ ಸುತ್ತಿಕೊಂಡು ಬಿದ್ದಿತ್ತು. ಹಗ್ಗವನ್ನು ಹಾವೆಂದು ಭ್ರಮಿಸಿದವನ ಕಥೆಯನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹಗ್ಗವೆಂಬ ಅರಿವು ಬಂದೊಡನೆ ಹಾವು ಇಲ್ಲವಾಗುತ್ತದೆ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಪೈಪೆಂದು ಕಣ್ಣಾರೆ ಕಂಡ ಮೇಲೂ ನನ್ನ ಎದೆ ಬಹಳ ಹೊತ್ತು ಬಡಿದುಕೊಳ್ಳುತ್ತಲೇ ಇತ್ತು.

ಮೊದಲು ಹೆದರಿ ಆಮೇಲೆ ಜಿಗಿದೆನೋ, ಜಿಗಿದದ್ದರಿಂದಲೇ ಹೆದರಿದೆನೋ ಎಂಬ ಪ್ರಶ್ನೆ ಮನಶ್ಶಾಸ್ತ್ರದಲ್ಲಿ ಹಳೆಯದು. ಅಮೆರಿಕದ ವಿಲಿಯಂ ಜೇಮ್ಸ್ 1884ರಲ್ಲಿ, ನಾವು ಅಳುವುದರಿಂದ ದುಃಖವಾಗುತ್ತದೆ, ನಡುಗುವುದರಿಂದ ಭಯವಾಗುತ್ತದೆ ಎಂದು ವಾದಿಸಿದ. ಮರುವರ್ಷ ಡೆನ್ಮಾರ್ಕಿನ ವೈದ್ಯ ಕಾರ್ಲ್ ಲಾಂಗೆ ಸ್ವತಂತ್ರವಾಗಿ ಹೆಚ್ಚುಕಡಿಮೆ ಅದೇ ಮಾತನ್ನು ಹೇಳಿದ. ಅವರ ಪ್ರಕಾರ ದೇಹದಲ್ಲಾಗುವ ಬದಲಾವಣೆಗಳ ಅನುಭವವೇ ಭಾವನೆ. ಕನ್ನಡಿಗರಿಗೆ ಇದು ಅಷ್ಟೇನೂ ವಿಚಿತ್ರವೆನಿಸಬೇಕಾಗಿಲ್ಲ: ನಮಗೆ ಅಸೂಯೆಯಾದರೆ ಹೊಟ್ಟೆ ಉರಿಯುತ್ತದೆ, ಮರುಕ ಹುಟ್ಟಿದರೆ ಕರುಳು ಚುರುಕ್ಕೆನ್ನುತ್ತದೆ, ಸಿಟ್ಟು ಬಂದರೆ ನೆತ್ತಿಗೇರುತ್ತದೆ.

ನುಡಿಗಟ್ಟು ಹಿತವಾಗಿದೆ ಎಂದ ಮಾತ್ರಕ್ಕೆ ಸಿದ್ಧಾಂತ ನಿಲ್ಲುವುದಿಲ್ಲ. ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1927ರಲ್ಲಿ ಎತ್ತಿದ ಆಕ್ಷೇಪಗಳು ಗಟ್ಟಿಯಾಗಿದ್ದವು. ಭಯದಲ್ಲೂ ಸಿಟ್ಟಿನಲ್ಲೂ ಎದೆಬಡಿತ ಏರುವುದು ಒಂದೇ ಬಗೆಯಲ್ಲಾದರೆ ಅವೆರಡನ್ನೂ ನಾವು ಬೇರೆಬೇರೆಯಾಗಿ ಗುರುತಿಸುವುದು ಹೇಗೆ? ಹೊಟ್ಟೆ, ಕರುಳುಗಳ ಪ್ರತಿಕ್ರಿಯೆ ನಿಧಾನವಾದದ್ದು. ಭಾವನೆ ಅದಕ್ಕೂ ಮೊದಲೇ ಬಂದುಬಿಡುತ್ತದಲ್ಲ? 1983ರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಎಕ್‌ಮನ್ ಮತ್ತು ಸಂಗಡಿಗರು, ಸಿಟ್ಟಿನಲ್ಲಿ ಬೆರಳ ತುದಿಯ ಉಷ್ಣತೆ ಭಯದಲ್ಲಿರುವುದಕ್ಕಿಂತ ಹೆಚ್ಚಿರುತ್ತದೆ ಎಂದು ಅಳೆದು ತೋರಿಸಿ ಜೇಮ್ಸನಿಗೆ ತುಸು ಬಲ ತಂದರು. ಹೆದರಿದಾಗ ಕೈಕಾಲು ತಣ್ಣಗಾಗುತ್ತದೆ ಎನ್ನುವುದು ಬರೀ ಮಾತಲ್ಲ ಎಂದಾಯಿತು.

ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಶಾಕ್ಟರ್ ಮತ್ತು ಜೆರೋಮ್ ಸಿಂಗರ್ 1962ರಲ್ಲಿ ವಿದ್ಯಾರ್ಥಿಗಳಿಗೆ ವಿಟಮಿನ್ ಎಂದು ಹೇಳಿ, ಎದೆಬಡಿತ ಏರಿಸುವ ಅಡ್ರಿನಾಲಿನ್ ಚುಚ್ಚಿ, ಕುಣಿದಾಡುವವನೊಬ್ಬನ ಜೊತೆಗೋ ರೇಗಾಡುವವನೊಬ್ಬನ ಜೊತೆಗೋ ಕೂರಿಸಿದ್ದು ಬಹಳ ಪ್ರಸಿದ್ಧ. ದೇಹದ ಉದ್ವೇಗಕ್ಕೆ ಸುತ್ತಲಿನ ಸನ್ನಿವೇಶ ನೋಡಿ ನಾವು ಹೆಸರಿಡುತ್ತೇವೆ ಎಂಬುದು ಅವರ ತೀರ್ಮಾನ. ಆಮೇಲೆ ಅದೇ ಜಾಡಿನಲ್ಲಿ ನಡೆದ ಪ್ರಯೋಗಗಳಲ್ಲಿ ಅದೇ ಫಲಿತಾಂಶ ಸಿಗಲಿಲ್ಲವಾದ್ದರಿಂದ ನಾನು ಅದರ ಮೇಲೆ ಹೆಚ್ಚು ಭಾರ ಹಾಕಲಾರೆ.

ನನ್ನ ಪೈಪಿಗೆ ಹೆಚ್ಚು ಒಪ್ಪುವುದು ನರವಿಜ್ಞಾನಿ ಜೋಸೆಫ್ ಲೆಡೂ ಅವರ ವಿವರಣೆ. ಕಣ್ಣು, ಕಿವಿಗಳಿಂದ ಬಂದ ಸುದ್ದಿ ಮಿದುಳಿನೊಳಗೆ ಸುದ್ದಿ ಹಂಚುವ ಥಾಲಮಸ್ ಎಂಬ ಭಾಗವನ್ನು ತಲುಪಿ ಅಲ್ಲಿಂದ ಎರಡು ಹಾದಿ ಹಿಡಿಯುತ್ತದೆ. ಒಂದು ಒಳದಾರಿ: ಅಪಾಯದ ಸುಳಿವಿಗೆ ಎಚ್ಚರಗೊಳ್ಳುವ, ಬಾದಾಮಿ ಬೀಜದ ಆಕಾರದ ಅಮಿಗ್ಡಲಾ ಎಂಬ ಭಾಗಕ್ಕೆ ನೇರವಾಗಿ ಹೋಗುವುದು, ಬೇಗ, ಆದರೆ ಒರಟು. ಇನ್ನೊಂದು ಮಿದುಳಿನ ಹೊರಪದರವನ್ನು ಸುತ್ತಿ ಬರುವ ದಾರಿ. ನಿಧಾನ, ಆದರೆ ವಿವರವಾದದ್ದು. ಸುತ್ತಿಕೊಂಡ, ಕಪ್ಪಗಿನ, ಮಿಂಚುವ ಏನೋ ಒಂದು ಎಂಬಷ್ಟೇ ಸುದ್ದಿಗೆ ಕಾಲು ಹಿಂದಕ್ಕೆ ಸರಿಯುತ್ತದೆ. ಅದು ಪೈಪೆಂಬ ಪೂರ್ತಿ ವರದಿ ತಡವಾಗಿ ಬರುತ್ತದೆ. ಅಮಿಗ್ಡಲಾದ ಈ ಕೆಲಸವನ್ನು ಭಯವೆಂದು ಕರೆಯುವುದೇ ತಪ್ಪು, ಅದು ರಕ್ಷಣೆಯ ಪ್ರತಿಕ್ರಿಯೆಯಷ್ಟೇ, ಭಯವೆಂಬ ಅನುಭವ ಬೇರೆ ಎಂದು ಲೆಡೂ ಅವರೇ ಮುಂದೆ ತಿದ್ದಿಕೊಂಡರು. ತಮ್ಮ ಹೆಸರಿಗೇ ಅಂಟಿಕೊಂಡ ಮಾತನ್ನು ಹೀಗೆ ತಿದ್ದಿಕೊಳ್ಳುವವರು ಅಪರೂಪ.

ಆದರೆ ಒಂದು ಸಂಗತಿಯನ್ನು ನಾನು ಮೊದಲೇ ಹೇಳಬೇಕಿತ್ತು. ಅಂದು ನನಗಿಂತ ಮುಂದೆ ಅಕ್ಕನ ಮಗನೂ ನಡೆಯುತ್ತಿದ್ದ. ಬೆಂಗಳೂರಿನಲ್ಲಿ ಬೆಳೆದ ಹನ್ನೊಂದರ ಹುಡುಗ. ಅವನು ಅದೇ ಪೈಪನ್ನು ಸಲೀಸಾಗಿ ದಾಟಿ ಹೋಗಿದ್ದ. ದೊಡ್ಡಪ್ಪನೂ ದಾಟಿದ್ದರು, ಏಕೆಂದರೆ ಅದನ್ನು ಅಲ್ಲಿ ಎಸೆದವರೇ ಅವರು. ಹುಡುಗನಿಗೆ ತೋಟದ ಹಾವಿನ ಪರಿಚಯವಿಲ್ಲ, ದೊಡ್ಡಪ್ಪನಿಗೆ ಪೈಪಿನ ಪರಿಚಯವಿದೆ. ನಡುವೆ ಸಿಕ್ಕವನು ನಾನು. ಮನಶ್ಶಾಸ್ತ್ರಜ್ಞೆ ಮ್ಯಾಗ್ಡಾ ಆರ್ನಾಲ್ಡ್ 1960ರಲ್ಲಿ ಹೇಳಿದ್ದು ಇದನ್ನೇ: ವಸ್ತುವಿನಿಂದ ನಮಗೆ ಒಳಿತೋ ಕೆಡುಕೋ ಎಂಬ ತತ್‌ಕ್ಷಣದ ಅಂದಾಜಿನಿಂದ ಭಾವನೆ ಹುಟ್ಟುತ್ತದೆ. ಅಂಗಳದಲ್ಲಿ ಅಡಿಕೆ ಹರವಿದ ಜನವರಿಯಲ್ಲಿ ಕವಿಯುವ ಮೋಡವನ್ನು ಕಂಡು ಗಾಬರಿಯಾಗುವ ಮನೆಯವರೇ ಬಾವಿ ಬತ್ತಿದ ಮೇ ಕೊನೆಯಲ್ಲಿ ಅಂಥದೇ ಮೋಡವನ್ನು ಕಂಡು ಹಿಗ್ಗುತ್ತಾರೆ. ಈಗಿನ ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಇನ್ನೂ ಮುಂದೆ ಹೋಗಿ, ಮಿದುಳು ಹಳೆಯ ಅನುಭವ ಮತ್ತು ಕಲಿತ ಪರಿಕಲ್ಪನೆಗಳಿಂದ ಮುಂದಾಗಬಹುದಾದದ್ದನ್ನು ಸದಾ ಊಹಿಸುತ್ತಿರುತ್ತದೆ, ಭಾವನೆ ಆ ಊಹೆಯಿಂದಲೇ ಕಟ್ಟಿಕೊಳ್ಳುತ್ತದೆ ಎನ್ನುತ್ತಾರೆ. ಅವರ ವಾದ ಎಲ್ಲರಿಗೂ ಒಪ್ಪಿಗೆಯಿಲ್ಲ. ಆದರೂ ಮೂವತ್ತು ಮಳೆಗಾಲ “ಕಾಲಡಿ ನೋಡಿ ನಡೆ” ಎಂಬ ಮಾತು ಕೇಳುತ್ತ ಬೆಳೆದ ನನ್ನೊಳಗೆ ಹಾವು ಸಂಕಕ್ಕಿಂತ ಮೊದಲೇ ಸಿದ್ಧವಾಗಿತ್ತು ಎಂದೇ ನನಗೆ ಅನಿಸುತ್ತದೆ.

ಮಾರನೆಯ ದಿನ ದೊಡ್ಡಪ್ಪ ಆ ಪೈಪನ್ನು ಎತ್ತಿ ಕೊಟ್ಟಿಗೆಯ ಹಿಂದೆ ಹಾಕಿದರು. ಹುಡುಗ ರಜೆ ಮುಗಿಸಿ ಊರಿಗೆ ಮರಳುವ ಹೊತ್ತಿಗೆ, ಸಂಕ ದಾಟಿದೊಡನೆ ನಾನು ನಿಂತು ನೋಡುವಲ್ಲಿ ತಾನೂ ನಿಂತು ನೋಡತೊಡಗಿದ್ದ.